ಕಷ್ಟಕಾಲದಲ್ಲಿ ಸಂಬಳ ಯಾರಿಗೆ ಮೊದಲು?

ಕಾಲ್ಚೆಂಡಾಟವು ಹನ್ನೊಂದು ಮಂದಿಯ ಆಟವೆಂದು ನಾವು ತರಗತಿಗಳಲ್ಲಿ ಹೇಳಿಕೊಡುತ್ತೇವೆ. ಪರೀಕ್ಷೆಯಲ್ಲಿ ಹಾಗೆ ಬರೆದ ವಿದ್ಯಾರ್ಥಿಗೆ ಅಂಕವನ್ನೂ ಕೊಡುತ್ತೇವೆ. ಆದರೆ ಆ ಹನ್ನೊಂದು ಮಂದಿ ಮೈದಾನಕ್ಕೆ ಇಳಿಯುವ ಮೊದಲು ಹುಲ್ಲು ಕತ್ತರಿಸಿದವರು ಯಾರು? ಸುಣ್ಣದ ಗೆರೆ ಎಳೆದವರು ಯಾರು? ಅವರ ಬಟ್ಟೆ ಒಗೆದವರು, ಊಟ ಬೇಯಿಸಿದವರು, ಉಳುಕಿದ ಕಾಲನ್ನು ನೀವಿದವರು, ಬಸ್ಸು ಓಡಿಸಿದವರು, ಬಾಗಿಲಲ್ಲಿ ನಿಂತು ಟಿಕೆಟು ಹರಿದವರು, ಕಚೇರಿಯಲ್ಲಿ ಕುಳಿತು ಲೆಕ್ಕ ಬರೆದವರು ಯಾರು? ಇವರ ಹೆಸರು ಪತ್ರಿಕೆಯ ಕ್ರೀಡಾಪುಟದಲ್ಲಿ ಬರುವುದಿಲ್ಲ. ತಂಡ ಗೆದ್ದಾಗ ಇವರ ಕೊರಳಿಗೆ ಹಾರ ಬೀಳುವುದಿಲ್ಲ. ತಂಡದ ಹಣದ ಚೀಲ ಬರಿದಾದಾಗ ಮಾತ್ರ ಮೊದಲ ಪೆಟ್ಟು ಬಹುಮಟ್ಟಿಗೆ ಇವರ ಮೇಲೆಯೇ ಬೀಳುತ್ತದೆ. ಇದು ನ್ಯಾಯವೇ ಎಂಬ ಪ್ರಶ್ನೆಯನ್ನು ಈ ಸಂಚಿಕೆಯಲ್ಲಿ ವಿದ್ಯಾರ್ಥಿಗಳ ಮತ್ತು ತಂದೆತಾಯಿಗಳ ಮುಂದೆ ಇಡಬಯಸುತ್ತೇವೆ.

ಆಟದ ಕ್ಲಬ್ಬುಗಳ ಸಂಬಳದ ವಿಷಯ ಸೂಳಗಿರಿಯ ಶಾಲೆಯೊಂದಕ್ಕೆ ಏಕೆ ಎಂದು ಕೆಲವರು ಕೇಳಬಹುದು. ಇಲ್ಲಿಂದ ಬೆಂಗಳೂರಿಗೆ ಹೆದ್ದಾರಿಯಲ್ಲಿ ಎರಡು ಗಂಟೆಯ ಹಾದಿ. ಅಲ್ಲಿನ ಶ್ರೀ ಕಂಠೀರವ ಕ್ರೀಡಾಂಗಣದಲ್ಲಿ ಆಡುವ ಬೆಂಗಳೂರು ಫುಟ್‌ಬಾಲ್ ಕ್ಲಬ್ಬಿನ ನೀಲಿ ಅಂಗಿ ನಮ್ಮ ಹುಡುಗರಿಗೂ ಪರಿಚಿತವೇ. ಅದಕ್ಕಿಂತ ಮುಖ್ಯವಾದ ಕಾರಣ ಇನ್ನೊಂದಿದೆ. ನಮ್ಮ ಮಕ್ಕಳ ತಂದೆತಾಯಿಗಳಲ್ಲಿ ಹಲವರು ಹೊಸೂರಿನ ಕಾರ್ಖಾನೆಗಳಲ್ಲಿ ತಿಂಗಳ ಸಂಬಳಕ್ಕೆ ದುಡಿಯುವವರು. ಕೆಲವರು ಗುತ್ತಿಗೆಯ ಮೇಲೆ ಇರುವವರು, ಕೆಲವರು ತೋಟಗಳಲ್ಲಿ ದಿನಗೂಲಿಗೆ ಹೋಗುವವರು. ಕೆಲಸ ಕೊಟ್ಟವನಿಗೆ ಕಷ್ಟ ಬಂದಾಗ ಕೆಲಸ ಮಾಡಿದವನ ಕೂಲಿ ಏನಾಗಬೇಕು ಎಂಬುದು ಪ್ರತಿಯೊಂದು ಮನೆಯ ಒಲೆಗೆ ಸಂಬಂಧಿಸಿದ ಪ್ರಶ್ನೆ. ಆಟದ ಕ್ಲಬ್ಬಿನಲ್ಲಿ ಲಕ್ಷಗಟ್ಟಲೆ ಪಡೆಯುವವನೂ ಸಾವಿರದ ಲೆಕ್ಕದಲ್ಲಿ ಪಡೆಯುವವನೂ ಒಂದೇ ಸೂರಿನಡಿ ಇರುವುದರಿಂದ ಈ ಪ್ರಶ್ನೆ ಅಲ್ಲಿ ಕನ್ನಡಿಯಲ್ಲಿ ಕಂಡಂತೆ ಸ್ಪಷ್ಟವಾಗಿ ಕಾಣುತ್ತದೆ.

ಮೊದಲು ನಮ್ಮ ನೆರೆಯಲ್ಲಿ ನಡೆದುದನ್ನು ನೋಡೋಣ. 2014ರಲ್ಲಿ ಆರಂಭವಾದ ಇಂಡಿಯನ್ ಸೂಪರ್ ಲೀಗ್ ಎಂಬ ಪಂದ್ಯಾವಳಿಯನ್ನು ನಡೆಸುತ್ತಿದ್ದ ಸಂಸ್ಥೆಗೂ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನಿಗೂ 2010ರಲ್ಲಿ ಹದಿನೈದು ವರ್ಷಗಳ ಒಪ್ಪಂದವಾಗಿತ್ತು. ಆ ಒಪ್ಪಂದದ ಅವಧಿ 2025ರ ಡಿಸೆಂಬರ್ 8ಕ್ಕೆ ಮುಗಿಯಬೇಕಿತ್ತು. ಮುಂದೇನು ಎಂಬುದು ಕಾಲಕ್ಕೆ ಸರಿಯಾಗಿ ತೀರ್ಮಾನವಾಗಲಿಲ್ಲ. 2025ರ ಜುಲೈ ತಿಂಗಳಲ್ಲಿ ಆ ವರ್ಷದ ಪಂದ್ಯಾವಳಿಯನ್ನು ತಡೆಹಿಡಿಯಲಾಗಿದೆಯೆಂದು ಕ್ಲಬ್ಬುಗಳಿಗೆ ತಿಳಿಸಲಾಯಿತು. ಆಟವಿಲ್ಲದಿದ್ದರೆ ಟಿಕೆಟಿನ ಹಣವಿಲ್ಲ, ಜಾಹೀರಾತಿನ ಹಣವಿಲ್ಲ, ದೂರದರ್ಶನದ ಪ್ರಸಾರದಿಂದ ಬರುವ ಪಾಲೂ ಇಲ್ಲ. ಆಗಸ್ಟ್ 4ರಂದು ಬೆಂಗಳೂರು ಕ್ಲಬ್ಬು ತನ್ನ ಮೊದಲ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲ ನಿಲ್ಲಿಸಿರುವುದಾಗಿ ಪ್ರಕಟಿಸಿತು. ಎಳೆಯರ ತಂಡಗಳಿಗೂ ಮಕ್ಕಳ ತರಬೇತಿ ಶಾಲೆಗಳಿಗೂ ಇದರಿಂದ ತೊಂದರೆಯಾಗದೆಂದು ಅದೇ ಪ್ರಕಟಣೆ ಹೇಳಿತು. ಅದೇ ತಿಂಗಳಲ್ಲಿ ಚೆನ್ನೈಯ ಕ್ಲಬ್ಬು ತನ್ನ ಕಾರ್ಯಗಳನ್ನು ನಿಲ್ಲಿಸಿತು. ಒಡಿಶಾದ ಕ್ಲಬ್ಬು ಆಟಗಾರರ ಮತ್ತು ಸಿಬ್ಬಂದಿಯ ಕರಾರುಗಳನ್ನು ಅಮಾನತಿನಲ್ಲಿ ಇರಿಸಿತು.

ಇವು ಹೆಸರಿಲ್ಲದ ಸಣ್ಣ ಕ್ಲಬ್ಬುಗಳಲ್ಲ. 2013ರಲ್ಲಿ ಹುಟ್ಟಿದ ಬೆಂಗಳೂರು ಕ್ಲಬ್ಬು ಮೊದಲ ವರ್ಷವೇ ಐ-ಲೀಗ್ ಗೆದ್ದು, 2016ರಲ್ಲಿ ಏಷ್ಯಾ ಖಂಡದ ಎ.ಎಫ್.ಸಿ. ಕಪ್ಪಿನ ಅಂತಿಮ ಪಂದ್ಯದವರೆಗೆ ಹೋಗಿ, 2018-19ರಲ್ಲಿ ಸೂಪರ್ ಲೀಗನ್ನೂ ಗೆದ್ದ ಸಂಸ್ಥೆ. ಅದರ ಬೆನ್ನಿಗೆ ದೇಶದ ದೊಡ್ಡ ಉಕ್ಕಿನ ಉದ್ಯಮವೊಂದಿದೆ. ಅಂಥ ಕ್ಲಬ್ಬೂ ಸಂಬಳ ನಿಲ್ಲಿಸಬೇಕಾಯಿತು. ಆ ಬಳಿಕ ವಿಷಯ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. ಪಂದ್ಯಾವಳಿ ನಡೆಸುವ ಹಕ್ಕಿಗಾಗಿ ಟೆಂಡರು ಕರೆದರೆ ನವೆಂಬರಿನಲ್ಲಿ ಒಬ್ಬರೂ ಮುಂದೆ ಬರಲಿಲ್ಲ. 2026ರ ಜನವರಿಯ ಆರಂಭದಲ್ಲಿ ಸುನಿಲ್ ಛೆಟ್ರಿ, ಗುರುಪ್ರೀತ್ ಸಿಂಗ್ ಸಂಧು ಮೊದಲಾದ ಆಟಗಾರರು ಭಾರತದ ಫುಟ್‌ಬಾಲನ್ನು ಉಳಿಸಿಕೊಡಿರೆಂದು ಅಂತರರಾಷ್ಟ್ರೀಯ ಸಂಸ್ಥೆಯಾದ ಫಿಫಾಗೆ ಬಹಿರಂಗವಾಗಿ ಮೊರೆಯಿಟ್ಟರು. ಜನವರಿ 6ರಂದು ಕೇಂದ್ರ ಕ್ರೀಡಾ ಸಚಿವರು ಹದಿನಾಲ್ಕೂ ಕ್ಲಬ್ಬುಗಳೊಡನೆ ಫೆಬ್ರವರಿ 14ರಿಂದ ಆಟಗಳು ನಡೆಯುವುವೆಂದು ಪ್ರಕಟಿಸಿದರು. ಜುಲೈಯಿಂದ ಜನವರಿಯವರೆಗೆ ಮೇಲಿನವರ ಮಾತುಕತೆ ನಡೆದಿತ್ತು. ಅಷ್ಟೂ ತಿಂಗಳು ಮನೆಬಾಡಿಗೆ, ಅಕ್ಕಿ, ಹಾಲು, ಶಾಲೆಯ ಶುಲ್ಕ ಯಾವುದೂ ಮಾತುಕತೆ ಮುಗಿಯಲೆಂದು ಕಾಯುವುದಿಲ್ಲವೆಂಬುದನ್ನು ಸಂಸಾರಸ್ಥರಿಗೆ ನಾವು ಹೇಳಿಕೊಡಬೇಕಾಗಿಲ್ಲ.

ಹಿಂದಿನ ಕಾಲದಲ್ಲಿ ಬೆಂಗಳೂರಿನ ಕಾಲ್ಚೆಂಡಾಟ ಬೇರೊಂದು ಬಗೆಯಲ್ಲಿ ನಡೆಯುತ್ತಿತ್ತು. ಮೈಸೂರು ರಾಜ್ಯದ ತಂಡ 1967-68 ಮತ್ತು 1968-69ರಲ್ಲಿ ಬೆನ್ನುಬೆನ್ನಿಗೆ ಸಂತೋಷ್ ಟ್ರೋಫಿಯನ್ನು ಗೆದ್ದ ಕಾಲವದು. ಐ.ಟಿ.ಐ., ಎಚ್.ಎ.ಎಲ್. ಮೊದಲಾದ ಸಾರ್ವಜನಿಕ ಉದ್ಯಮಗಳು ತಮ್ಮದೇ ತಂಡಗಳನ್ನು ಸಾಕುತ್ತಿದ್ದವು. ಆಟಗಾರನು ಕಾರ್ಖಾನೆಯ ನೌಕರನೂ ಆಗಿರುತ್ತಿದ್ದನು. ಸಂಬಳ ಹೆಚ್ಚಿಲ್ಲದಿದ್ದರೂ ತಿಂಗಳ ಕೊನೆಗೆ ತಪ್ಪದೆ ಬರುತ್ತಿತ್ತು. ಮಂಡಿ ಮುರಿದು ಆಟ ನಿಂತರೂ ಮೇಜು ಕುರ್ಚಿ ಉಳಿಯುತ್ತಿತ್ತು. ಆ ಪದ್ಧತಿಯಲ್ಲಿ ದೋಷವೇ ಇರಲಿಲ್ಲವೆಂದು ನಾವು ಹೇಳುವುದಿಲ್ಲ. ಕೆಲಸ ಸಿಗುತ್ತಿದ್ದುದು ಕೆಲವರಿಗೆ ಮಾತ್ರ. ಉದ್ಯಮದ ಮನಸ್ಸು ಬದಲಾದರೆ ತಂಡವೂ ಮಾಯವಾಗುತ್ತಿತ್ತು. 1996-97ರಲ್ಲಿ ಮೊದಲ ರಾಷ್ಟ್ರೀಯ ಲೀಗನ್ನು ಗೆದ್ದ ಪಂಜಾಬಿನ ಜೆ.ಸಿ.ಟಿ. ಗಿರಣಿಯ ತಂಡ 2011ರಲ್ಲಿ ಬಾಗಿಲು ಹಾಕಿತು. 2005-06ರ ವಿಜೇತರಾದ ಮುಂಬಯಿಯ ಮಹೀಂದ್ರ ತಂಡ 2010ರಲ್ಲಿ ಮುಗಿಯಿತು. ಆದರೂ ಒಂದು ಮಾತು ನಿಜ. ಹಳೆಯ ಪದ್ಧತಿಯಲ್ಲಿ ನೌಕರನ ಸಂಬಳ ಆಟದ ಅದೃಷ್ಟಕ್ಕೆ ಕಟ್ಟಿಬಿದ್ದಿರಲಿಲ್ಲ, ಈಗಿನ ಪದ್ಧತಿಯಲ್ಲಿ ಕಟ್ಟಿಬಿದ್ದಿದೆ. ಹಾಗಿರುವಾಗ ಆ ಅದೃಷ್ಟ ಕೆಟ್ಟ ದಿನಕ್ಕೆಂದು ನಿಯಮಗಳನ್ನು ಮೊದಲೇ ಮಾಡಿಟ್ಟುಕೊಳ್ಳುವುದು ವಿವೇಕ.

ಹೊರದೇಶಗಳಲ್ಲಿ ಇಂಥ ಸಂಕಟ ಬಂದಾಗ ಏನು ಮಾಡಿದರೆಂಬುದು ನಮಗೆ ಪಾಠವಾಗಬಲ್ಲದು. 2020ರ ಮಾರ್ಚಿಯಲ್ಲಿ ಕೊರೋನಾ ವ್ಯಾಧಿಯಿಂದ ಪ್ರಪಂಚದ ಮೈದಾನಗಳೆಲ್ಲ ಒಮ್ಮೆಗೇ ಖಾಲಿಯಾದವು. ಇಂಗ್ಲೆಂಡಿನಲ್ಲಿ ಕೆಲಸವಿಲ್ಲದೆ ಮನೆಯಲ್ಲಿರುವ ನೌಕರರ ಸಂಬಳದಲ್ಲಿ ನೂರಕ್ಕೆ ಎಂಬತ್ತರಷ್ಟನ್ನು, ತಿಂಗಳಿಗೆ 2,500 ಪೌಂಡುಗಳ ಮಿತಿಯಲ್ಲಿ, ಸರ್ಕಾರವೇ ಕೊಡುವ ಯೋಜನೆ ಬಂದಿತು. ಅದು ಮುಳುಗುತ್ತಿರುವ ಅಂಗಡಿ ಮುಂಗಟ್ಟುಗಳಿಗೆ ಆಸರೆಯಾಗಲೆಂದು ಮಾಡಿದ ಯೋಜನೆ. ಹಿಂದಿನ ವರ್ಷ ಕೋಟಿಗಟ್ಟಲೆ ಲಾಭ ತೋರಿಸಿದ್ದ ಲಿವರ್‌ಪೂಲ್ ಕ್ಲಬ್ಬು ಏಪ್ರಿಲ್ 4ರಂದು ತನ್ನ ಕೆಲವು ಸಿಬ್ಬಂದಿಯನ್ನು ಈ ಯೋಜನೆಗೆ ಸೇರಿಸುವುದಾಗಿ ಹೇಳಿತು. ಆಟಗಾರರಿಗೆ ದೊಡ್ಡ ಸಂಬಳ ಕೊಡಬಲ್ಲ ಕ್ಲಬ್ಬು ಕಾವಲುಗಾರನ ಸಂಬಳಕ್ಕೆ ಸರ್ಕಾರದ ಮುಂದೆ ಕೈಯೊಡ್ಡುವುದೇ ಎಂದು ಅದರ ಅಭಿಮಾನಿಗಳೇ ಕೆರಳಿದರು. ಎರಡೇ ದಿನಗಳಲ್ಲಿ, ಏಪ್ರಿಲ್ 6ರಂದು, ಕ್ಲಬ್ಬು ಕ್ಷಮೆ ಕೇಳಿ ತೀರ್ಮಾನವನ್ನು ಹಿಂದಕ್ಕೆ ತೆಗೆದುಕೊಂಡಿತು. ಲಂಡನ್ನಿನ ಟಾಟೆನ್‌ಹ್ಯಾಮ್ ಕ್ಲಬ್ಬೂ ಇದೇ ದಾರಿ ಹಿಡಿದು, ಟೀಕೆಗೆ ಒಳಗಾಗಿ, ಅದೇ ತಿಂಗಳು ಹಿಂದೆ ಸರಿಯಿತು. ನೋಡುವವರು ಸುಮ್ಮನಿರದೆ ಮಾತನಾಡಿದರೆ ದೊಡ್ಡವರೂ ತಿದ್ದಿಕೊಳ್ಳುತ್ತಾರೆಂಬುದಕ್ಕೆ ಇದು ಸಾಕ್ಷಿ.

ಇದಕ್ಕೆ ಬೇರೆಯಾದ ನಡತೆಯೂ ಅದೇ ದಿನಗಳಲ್ಲಿ ಕಂಡುಬಂದಿತು. ಸ್ಪೇನಿನ ಬಾರ್ಸಿಲೋನ ಕ್ಲಬ್ಬಿನ ಆಟಗಾರರು ತಮ್ಮ ಸಂಬಳದಲ್ಲಿ ನೂರಕ್ಕೆ ಎಪ್ಪತ್ತರಷ್ಟನ್ನು ಬಿಟ್ಟುಕೊಟ್ಟರು. ಉಳಿದ ನೌಕರರಿಗೆ ಪೂರ್ಣ ಸಂಬಳ ದೊರೆಯುವಂತೆ ಅದರ ಮೇಲೆ ಇನ್ನಷ್ಟು ಹಣವನ್ನೂ ಸೇರಿಸುವುದಾಗಿ ಮಾರ್ಚಿ 30ರಂದು ಮೆಸ್ಸಿ ಪ್ರಕಟಿಸಿದರು. ಇಂಗ್ಲೆಂಡಿನ ಲೀಡ್ಸ್ ಕ್ಲಬ್ಬಿನ ಆಟಗಾರರೂ ತರಬೇತುದಾರರೂ ಹಿರಿಯ ಅಧಿಕಾರಿಗಳೂ ತಮ್ಮ ಸಂಬಳವನ್ನು ಮುಂದಕ್ಕೆ ಹಾಕಿಕೊಂಡು ಉಳಿದ ಸಿಬ್ಬಂದಿಗೆ ತಪ್ಪದೆ ಸಂಬಳ ಸಲ್ಲುವಂತೆ ಮಾಡಿದರು. ಇದಕ್ಕೂ ಹಿಂದೆ, 2012ರಲ್ಲಿ, ಸ್ಕಾಟ್ಲೆಂಡಿನ ರೇಂಜರ್ಸ್ ಕ್ಲಬ್ಬು ಸಾಲದಲ್ಲಿ ಮುಳುಗಿ ಆಡಳಿತಾಧಿಕಾರಿಗಳ ಕೈಸೇರಿದಾಗ ಆಟಗಾರರು ಸಂಬಳಕ್ಕೆ ತಕ್ಕಂತೆ ನೂರಕ್ಕೆ ಎಪ್ಪತ್ತೈದು, ಐವತ್ತು, ಇಪ್ಪತ್ತೈದರಂತೆ ಕಡಿತವನ್ನು ಒಪ್ಪಿಕೊಂಡರು. ಹೆಚ್ಚು ಪಡೆಯುವವನಿಗೆ ಹೆಚ್ಚು ಕಡಿತ, ಕಡಿಮೆ ಪಡೆಯುವವನಿಗೆ ಕಡಿಮೆ ಕಡಿತ ಎಂಬುದು ಅದರ ನಿಯಮ. ಕಚೇರಿಯ ಮತ್ತು ಮೈದಾನದ ನೌಕರರ ಕೆಲಸ ಹೋಗದಿರಲೆಂಬುದೇ ಅದರ ಉದ್ದೇಶ.

ಹಾಗೆ ಮಾಡದ ಕಡೆ ಏನಾಯಿತೆಂಬುದಕ್ಕೂ ಉದಾಹರಣೆಗಳಿವೆ. ಇಂಗ್ಲೆಂಡಿನ ಪೋರ್ಟ್ಸ್‌ಮತ್ ಕ್ಲಬ್ಬು ತನ್ನ ಶಕ್ತಿಗೆ ಮೀರಿದ ಸಂಬಳ ಕೊಟ್ಟು ಆಟಗಾರರನ್ನು ತಂದು, 2008ರಲ್ಲಿ ದೊಡ್ಡ ಕಪ್ಪೊಂದನ್ನು ಗೆದ್ದು ಮೆರೆಯಿತು. 2010ರ ಫೆಬ್ರವರಿಯಲ್ಲಿ ಅದು ದಿವಾಳಿಯಂಚಿಗೆ ಬಂದಿತು. ಮರುತಿಂಗಳೇ 85 ಮಂದಿ ನೌಕರರು ಕೆಲಸ ಕಳೆದುಕೊಂಡರು. ಇಟಲಿಯ ಪಾರ್ಮ ಕ್ಲಬ್ಬು 2015ರಲ್ಲಿ ಹೇಗಾಯಿತೆಂದರೆ, ಮೈದಾನದಲ್ಲಿ ಜನರನ್ನು ನಿಯಂತ್ರಿಸುವ ಸಿಬ್ಬಂದಿಗೆ ಕೊಡಲೂ ಹಣವಿಲ್ಲದೆ ಪಂದ್ಯವನ್ನೇ ಮುಂದೂಡಬೇಕಾಯಿತು. ಬಾಗಿಲು ಕಾಯುವವನಿಲ್ಲದಿದ್ದರೆ ಹನ್ನೊಂದು ಮಂದಿಯಿದ್ದೂ ಆಟವಿಲ್ಲ! ಸಣ್ಣ ನೌಕರನ ಬೆಲೆ ಅವನು ಇಲ್ಲದ ದಿನ ತಿಳಿಯುತ್ತದೆ.

ಈಗ ಒಂದು ಲೆಕ್ಕ ಮಾಡೋಣ. ಎಂಟನೆಯ ತರಗತಿಯ ಮಕ್ಕಳೂ ಇದನ್ನು ಮಾಡಬಲ್ಲರು. ಒಂದು ಕ್ಲಬ್ಬಿನಲ್ಲಿ 20 ಮಂದಿ ಆಟಗಾರರು, ಒಬ್ಬೊಬ್ಬರಿಗೆ ತಿಂಗಳಿಗೆ 2 ಲಕ್ಷ ರೂಪಾಯಿ ಎಂದಿಟ್ಟುಕೊಳ್ಳಿ. ಇತರ ಸಿಬ್ಬಂದಿ 40 ಮಂದಿ, ಒಬ್ಬೊಬ್ಬರಿಗೆ 20,000 ರೂಪಾಯಿ. ಆಟಗಾರರ ಸಂಬಳ 40 ಲಕ್ಷ, ಸಿಬ್ಬಂದಿಯ ಸಂಬಳ 8 ಲಕ್ಷ, ಒಟ್ಟು 48 ಲಕ್ಷ. ಕಷ್ಟ ಬಂದು ತಿಂಗಳಿಗೆ 12 ಲಕ್ಷ ಉಳಿಸಲೇಬೇಕಾಗಿದೆ. ಎಲ್ಲರಿಗೂ ಸಮನಾಗಿ ಕಡಿತವೆಂದರೆ ನೂರಕ್ಕೆ 25. ಆಗ ಆಟಗಾರನಿಗೆ 1,50,000 ಉಳಿಯುತ್ತದೆ, ಮೈದಾನದ ಮಾಲಿಗೆ 15,000 ಉಳಿಯುತ್ತದೆ. ಮಾಲಿ ಕಳೆದುಕೊಂಡ 5,000 ರೂಪಾಯಿ ಬಹುಶಃ ಅವನ ಮನೆಬಾಡಿಗೆ. ಇನ್ನೊಂದು ರೀತಿ ನೋಡಿ. ಸಿಬ್ಬಂದಿಯನ್ನು ಮುಟ್ಟದೆ ಆಟಗಾರರಿಂದಲೇ 12 ಲಕ್ಷ ಉಳಿಸಬೇಕಾದರೆ ಕಡಿತ ನೂರಕ್ಕೆ 30 ಆಗುತ್ತದೆ. ಆಟಗಾರನಿಗೆ 1,40,000 ಉಳಿಯುತ್ತದೆ. ಎರಡು ರೀತಿಗಳಿಗೂ ಇರುವ ವ್ಯತ್ಯಾಸ ಆಟಗಾರನ ಪಾಲಿಗೆ ನೂರಕ್ಕೆ ಐದು ಮಾತ್ರ. ಆ ಐದು ರೂಪಾಯಿಯಲ್ಲಿ ನಲವತ್ತು ಮನೆಗಳ ಒಲೆ ಆರದೆ ಉಳಿಯುತ್ತದೆ. ಸಮಾನ ಕಡಿತವೆಂಬುದು ಕಾಗದದ ಮೇಲೆ ಸಮಾನತೆಯಂತೆ ಕಂಡರೂ ಅಡಿಗೆಮನೆಯಲ್ಲಿ ಸಮಾನತೆಯಲ್ಲ. ಆನೆಗೂ ಇರುವೆಗೂ ಒಂದೇ ತೂಕದ ಹೊರೆ ಹೊರಿಸಬಾರದೆಂಬುದನ್ನು ನಾವು ಬಲ್ಲೆವು. ಹೊಟ್ಟೆಗೆ ತಿನ್ನುವುದರಲ್ಲಿ ಕಾಲುಭಾಗವನ್ನು ಇಬ್ಬರಿಂದಲೂ ಕಿತ್ತುಕೊಂಡರೆ ಯಾರು ಮೊದಲು ಬೀಳುವರೆಂಬುದನ್ನೂ ಯೋಚಿಸಬೇಕು.

ಹಾಗಾದರೆ ಎಲ್ಲ ಹೊರೆಯನ್ನೂ ಆಟಗಾರರ ಮೇಲೆ ಹಾಕಿ ಕೈತೊಳೆದುಕೊಳ್ಳಬಹುದೇ? ಅದೂ ಸಲ್ಲದು. ಆಟಗಾರನ ದುಡಿಮೆಯ ಆಯುಷ್ಯ ಚಿಕ್ಕದು. ಮೂವತ್ತೈದು ದಾಟಿದ ಮೇಲೆ ಮೈದಾನದಲ್ಲಿ ಉಳಿಯುವವರು ವಿರಳ. ಒಂದು ಕೆಟ್ಟ ಪೆಟ್ಟು ಬಿದ್ದರೆ ಇಪ್ಪತ್ತೆರಡಕ್ಕೇ ಎಲ್ಲ ಮುಗಿಯಬಹುದು. ನಮ್ಮ ದೇಶದಲ್ಲಿ ಎಲ್ಲ ಆಟಗಾರರೂ ಲಕ್ಷಾಧೀಶರಲ್ಲ. ಕೆಳಗಿನ ದರ್ಜೆಯ ಲೀಗುಗಳಲ್ಲಿ ಆಡುವ ಹುಡುಗರೂ ಹುಡುಗಿಯರೂ ಸಾಧಾರಣ ಸಂಬಳದಿಂದ ಊರಿನಲ್ಲಿರುವ ಸಂಸಾರವನ್ನು ಸಾಕುವವರು. 2020ರಲ್ಲಿ ಇಂಗ್ಲೆಂಡಿನ ಆಟಗಾರರ ಸಂಘ ಇನ್ನೊಂದು ಮಾತನ್ನೂ ಎತ್ತಿತು. ತಮ್ಮ ಸಂಬಳದಲ್ಲಿ ನೂರಕ್ಕೆ ಮೂವತ್ತು ಕಡಿದರೆ ಅದರಿಂದ ಸರ್ಕಾರಕ್ಕೆ ಬರುವ ತೆರಿಗೆಯಲ್ಲಿ ಇಪ್ಪತ್ತು ಕೋಟಿ ಪೌಂಡಿಗೂ ಹೆಚ್ಚು ಕಡಿಮೆಯಾಗುತ್ತದೆ, ಆಸ್ಪತ್ರೆಗಳಿಗೆ ಅದೇ ನಷ್ಟ ಎಂಬುದು ಆ ಮಾತು. ಉಳಿತಾಯವಾದ ಹಣ ಬಡ ನೌಕರನಿಗೆ ಹೋಗದೆ ಮಾಲೀಕನ ಪೆಟ್ಟಿಗೆಗೇ ಹೋಗುವುದಾದರೆ ತ್ಯಾಗಕ್ಕೆ ಅರ್ಥವೇನೆಂಬ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಆದಕಾರಣ ಮೊದಲ ಹೊರೆ ಮಾಲೀಕನದು. ಎರಡನೆಯದು ಹೆಚ್ಚು ಸಂಬಳದ ಅಧಿಕಾರಿಗಳದು. ಮೂರನೆಯದು ಹೆಚ್ಚು ಸಂಬಳದ ಆಟಗಾರರದು. ಕಟ್ಟಕಡೆಯದು, ಬೇರೆ ಯಾವ ದಾರಿಯೂ ಉಳಿಯದಾಗ ಮಾತ್ರ, ಸಣ್ಣ ನೌಕರನದು. ಇದೇ ನಮ್ಮ ಅಭಿಪ್ರಾಯ.

ಕಾನೂನು ಏನು ಹೇಳುತ್ತದೆ? ವೇತನ ಪಾವತಿ ಕಾಯಿದೆ ನಮ್ಮ ದೇಶದಲ್ಲಿ 1936ರಲ್ಲೇ ಬಂದಿತ್ತು. ಈಗ ಅದರ ಸ್ಥಾನದಲ್ಲಿ 2019ರ ವೇತನ ಸಂಹಿತೆ ಇದೆ. ಅದು 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ತಿಂಗಳ ಸಂಬಳವನ್ನು ಮುಂದಿನ ತಿಂಗಳ ಏಳನೆಯ ದಿನದೊಳಗೆ ಕೊಡಬೇಕೆಂದೂ, ಕೆಲಸದಿಂದ ತೆಗೆದರೆ ಎರಡು ಕೆಲಸದ ದಿನಗಳೊಳಗೆ ಬಾಕಿಯನ್ನು ಸಲ್ಲಿಸಬೇಕೆಂದೂ ಅದು ವಿಧಿಸುತ್ತದೆ. ಸಂಸ್ಥೆ ದಿವಾಳಿಯಾಗಿ ಆಸ್ತಿಯನ್ನು ಮಾರುವ ಸ್ಥಿತಿ ಬಂದರೆ, 2016ರ ದಿವಾಳಿ ಸಂಹಿತೆಯಂತೆ, ಕಾರ್ಮಿಕರ ಇಪ್ಪತ್ತನಾಲ್ಕು ತಿಂಗಳ ಬಾಕಿಗೆ ಒತ್ತೆಯಿಟ್ಟುಕೊಂಡು ಸಾಲ ಕೊಟ್ಟವರ ಸಾಲಿನಲ್ಲೇ ಸ್ಥಾನವಿದೆ. ಇತರ ನೌಕರರ ಹನ್ನೆರಡು ತಿಂಗಳ ಬಾಕಿ ಅದರ ನಂತರ ಬರುತ್ತದೆ. ಅಂತರರಾಷ್ಟ್ರೀಯ ಫುಟ್‌ಬಾಲ್ ಸಂಸ್ಥೆ 2018ರಲ್ಲಿ ಮಾಡಿದ ನಿಯಮದ ಪ್ರಕಾರ ಎರಡು ತಿಂಗಳ ಸಂಬಳ ಬಾಕಿ ಉಳಿಸಿಕೊಂಡ ಕ್ಲಬ್ಬಿಗೆ ಹದಿನೈದು ದಿನಗಳ ಗಡುವು ಕೊಟ್ಟು ಆಟಗಾರನು ಕರಾರನ್ನು ಮುರಿದು ಹೊರನಡೆಯಬಹುದು. ಆದರೆ ಈ ಕೊನೆಯ ನಿಯಮ ಆಟಗಾರನಿಗೆ ಮಾತ್ರ. ಬಟ್ಟೆ ಒಗೆಯುವವನ ಪರವಾಗಿ ಜ್ಯೂರಿಚ್ ನಗರದಲ್ಲಿ ಯಾರೂ ನಿಯಮ ಬರೆದಿಲ್ಲ. ಅವನಿಗೆ ಇರುವುದು ದೇಶದ ಕಾನೂನು, ಜೊತೆಗಾರರ ಒಗ್ಗಟ್ಟು, ನೋಡುವವರ ನ್ಯಾಯಬುದ್ಧಿ ಈ ಮೂರೇ. ಗುತ್ತಿಗೆದಾರನ ಮೂಲಕ ಬಂದವನಾದರೆ ಅವನು ಯಾರ ನೌಕರನೆಂಬುದೇ ವಾದದ ವಿಷಯವಾಗಿಬಿಡುತ್ತದೆ.

ಕಾನೂನು ಒಂದೇ ಎಲ್ಲವನ್ನೂ ಸರಿಪಡಿಸಲಾರದೆಂಬುದಕ್ಕೆ ನಮ್ಮ ದೇಶದ ಅನುಭವವೇ ಇದೆ. 2020ರ ಮಾರ್ಚಿ 29ರಂದು ಕೇಂದ್ರ ಸರ್ಕಾರ, ಕಾರ್ಖಾನೆ ಮುಚ್ಚಿದ್ದರೂ ಕಡಿತವಿಲ್ಲದೆ ಕೂಲಿ ಕೊಡಬೇಕೆಂದು ಆಜ್ಞೆ ಹೊರಡಿಸಿತು. ಮೇ 18ರಿಂದ ಅದನ್ನು ಹಿಂದಕ್ಕೆ ಪಡೆಯಿತು. ಕೊಡಲು ತಮ್ಮಲ್ಲೇ ಇಲ್ಲವೆಂದು ಉದ್ಯಮಿಗಳು ಮೊರೆಯಿಟ್ಟಾಗ ಸರ್ವೋಚ್ಚ ನ್ಯಾಯಾಲಯ ಜೂನ್ 12ರಂದು, ಎರಡೂ ಕಡೆಯವರು ಕುಳಿತು ಮಾತನಾಡಿ ಇತ್ಯರ್ಥ ಮಾಡಿಕೊಳ್ಳುವ ದಾರಿಯನ್ನು ತೋರಿಸಿತು. ಕೊಡಲು ನಿಜವಾಗಿ ಇಲ್ಲದವನಿಂದ ಆಜ್ಞೆ ಮಾಡಿ ಹಣ ಹೊರಡಿಸಲಾಗದು. ಆದರೆ 'ಇಲ್ಲ' ಎನ್ನುವವನು ಲೆಕ್ಕದ ಪುಸ್ತಕವನ್ನು ಬಿಚ್ಚಿ ತೋರಿಸಬೇಕು. ಮುಚ್ಚಿದ ಪುಸ್ತಕದ ಬಡತನವನ್ನು ಯಾರೂ ನಂಬಬೇಕಾಗಿಲ್ಲ.

ನಮ್ಮ ಪ್ರಾಚೀನರು ಈ ವಿಷಯವನ್ನು ಯೋಚಿಸಿರಲಿಲ್ಲವೇ? ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ರಾಜನೌಕರರ ವೇತನಕ್ಕೆ ಒಂದು ಅಧ್ಯಾಯವೇ ಇದೆ. ಒಟ್ಟು ಆದಾಯದ ನಾಲ್ಕನೆಯ ಒಂದು ಪಾಲಿನೊಳಗೆ ನೌಕರರ ವೇತನವನ್ನು ಇರಿಸಿಕೊಳ್ಳಬೇಕೆಂದು ಅವನು ಹೇಳುತ್ತಾನೆ. ಬೊಕ್ಕಸ ಕ್ಷೀಣವಾದಾಗ ಏನು ಮಾಡಬೇಕೆಂಬುದನ್ನೂ ಹೇಳುತ್ತಾನೆ. ಅರಣ್ಯದ ಉತ್ಪನ್ನ, ದನಕರು, ಹೊಲ ಇವುಗಳನ್ನು ಕೊಟ್ಟು, ಜೊತೆಗೆ ಸ್ವಲ್ಪ ನಗದನ್ನೂ ಕೊಡಬೇಕಂತೆ. ಏನೂ ಕೊಡದೆ ಕೈಚೆಲ್ಲಬಹುದೆಂದು ಅವನು ಹೇಳಲಿಲ್ಲವೆಂಬುದನ್ನು ಗಮನಿಸಬೇಕು. ಈ ಕಾಲದ ಕ್ಲಬ್ಬುಗಳು ಹೇಗಿವೆ? ಇಂಗ್ಲೆಂಡಿನ ಎರಡನೆಯ ದರ್ಜೆಯ ಲೀಗಿನಲ್ಲಿ ಬಂದ ಆದಾಯಕ್ಕಿಂತ ಹೆಚ್ಚಿನ ಹಣವನ್ನು ಸಂಬಳಕ್ಕೇ ಸುರಿದ ಕ್ಲಬ್ಬುಗಳಿವೆ. ಇದನ್ನು ಕಂಡೇ ಯೂರೋಪಿನ ಫುಟ್‌ಬಾಲ್ ಸಂಸ್ಥೆ ತಂಡದ ವೆಚ್ಚವನ್ನು ಆದಾಯದಲ್ಲಿ ನೂರಕ್ಕೆ ಎಪ್ಪತ್ತರೊಳಗೆ ತರಬೇಕೆಂಬ ನಿಯಮವನ್ನು 2025-26ರ ಸಾಲಿನಿಂದ ಪೂರ್ಣವಾಗಿ ಅನ್ವಯಿಸಿದೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಅಜ್ಜಿಯ ಮಾತನ್ನು ದೊಡ್ಡ ದೊಡ್ಡ ಲೆಕ್ಕಿಗರು ನಿಯಮವಾಗಿ ಬರೆಯಬೇಕಾಯಿತು. ನಮ್ಮ ಬಸವಾದಿ ಶರಣರು ಕಾಯಕ ಮತ್ತು ದಾಸೋಹವೆಂಬ ಎರಡು ಮಾತುಗಳನ್ನು ಜೊತೆಜೊತೆಯಾಗಿ ಹೇಳಿದರು. ದುಡಿಮೆಗೆ ಮರ್ಯಾದೆ, ದುಡಿಮೆಯ ಫಲದಲ್ಲಿ ಎಲ್ಲರಿಗೂ ಪಾಲು ಎಂಬುದು ಅದರ ತಿರುಳು. ದುಡಿದವನ ಬೆವರು ಆರುವ ಮೊದಲೇ ಕೂಲಿ ಸಲ್ಲಬೇಕೆಂಬುದು ಪ್ರವಾದಿ ಮುಹಮ್ಮದರ ಬೋಧನೆ. ದಾರಿಗಳು ಬೇರೆಯಾದರೂ ಮಾತು ಒಂದೇ.

ದೂರದ ಉದಾಹರಣೆಗಳನ್ನು ಬಿಟ್ಟು ನಮ್ಮ ಸೀಮೆಯ ತೋಟಗಳನ್ನೇ ನೋಡೋಣ. ಇಲ್ಲಿ ಟೊಮೇಟೊ, ಕೊತ್ತಂಬರಿ ಸೊಪ್ಪು, ಪುದೀನ ಬೆಳೆಯುವ ರೈತನಿಗೆ ಮಂಡಿಯ ಬೆಲೆ ನಾಳೆ ಏನಿರುತ್ತದೆಂಬುದು ತಿಳಿಯದು. ಒಂದು ದಿನ ಬುಟ್ಟಿಗೆ ಒಳ್ಳೆಯ ಬೆಲೆ, ಇನ್ನೊಂದು ದಿನ ಲಾರಿ ಬಾಡಿಗೆಗೂ ಸಾಲದ ಬೆಲೆ. ಆದರೂ ಬೆಳಿಗ್ಗೆಯಿಂದ ಹಣ್ಣು ಕಿತ್ತ ಹೆಂಗಸರಿಗೆ ಸಂಜೆ ಕೂಲಿ ಕೊಡುವಾಗ ಮರ್ಯಾದಸ್ಥನಾದ ರೈತ ಮಂಡಿಯ ಬೆಲೆಯನ್ನು ಮುಂದಿಡುವುದಿಲ್ಲ. ಕೂಲಿ ಕೊಡಲಾಗದಷ್ಟು ಬೆಲೆ ಬಿದ್ದರೆ ಅವನು ಹಣ್ಣನ್ನು ಕೀಳಿಸುವುದೇ ಇಲ್ಲ. ಗಿಡದಲ್ಲೇ ಕೊಳೆಯಲು ಬಿಡುತ್ತಾನೆ. ನಷ್ಟವನ್ನು ತಾನು ನುಂಗುತ್ತಾನೆಯೇ ಹೊರತು ಕೆಲಸ ಮಾಡಿಸಿಕೊಂಡು ಕೈಬೀಸಿ ಕಳುಹಿಸುವುದಿಲ್ಲ. ನಾಲ್ಕೆಕರೆಯ ರೈತ ಪಾಲಿಸುವ ಈ ಧರ್ಮವನ್ನು ನಾಲ್ಕು ನೂರು ಕೋಟಿಯ ಒಡೆಯರೂ ಪಾಲಿಸಲಿ ಎಂದು ಕೇಳುವುದರಲ್ಲಿ ತಪ್ಪೇನೂ ಇಲ್ಲ.

ಹಾಗಾದರೆ ಒಂದು ಕ್ಲಬ್ಬು, ಅಥವಾ ಯಾವುದೇ ಸಂಸ್ಥೆ, ಕಷ್ಟಕಾಲದಲ್ಲಿ ಹೇಗೆ ನಡೆದುಕೊಳ್ಳಬೇಕು? ನಮಗೆ ತೋರುವುದನ್ನು ಹೇಳುತ್ತೇವೆ. ಮೊದಲನೆಯದಾಗಿ, ಕಷ್ಟ ಬಂದಿದೆಯೆಂಬುದನ್ನು ನೌಕರರಿಗೆ ಪತ್ರಿಕೆಯಲ್ಲಿ ಪ್ರಕಟವಾಗುವ ಮೊದಲೇ ಕರೆದು ಹೇಳಬೇಕು. ಒಂದು ತಿಂಗಳ ಮುಂಚೆ ತಿಳಿದವನು ಮಗನ ಶುಲ್ಕಕ್ಕೆ ಬೇರೆ ದಾರಿ ಹುಡುಕಿಕೊಂಡಾನು. ಎರಡನೆಯದಾಗಿ, ಇಂತಿಷ್ಟು ಸಂಬಳಕ್ಕಿಂತ ಕೆಳಗಿನವರನ್ನು ಮುಟ್ಟುವುದಿಲ್ಲವೆಂಬ ಗೆರೆಯೊಂದನ್ನು ಒಳ್ಳೆಯ ದಿನಗಳಲ್ಲೇ ಎಳೆದಿಡಬೇಕು. ಪೆನಾಲ್ಟಿ ಚೌಕವನ್ನು ಆಟ ಶುರುವಾದ ಮೇಲೆ ಯಾರಾದರೂ ಎಳೆಯುತ್ತಾರೆಯೇ? ಮೂರನೆಯದಾಗಿ, ಮುಂದಕ್ಕೆ ಹಾಕಿದ ಸಂಬಳವನ್ನು ಸಾಲವೆಂದು ತಿಳಿದು, ಯಾವ ದಿನ ಎಷ್ಟು ಕೊಡಲಾಗುವುದೆಂದು ಬರೆದುಕೊಡಬೇಕು. 'ನೋಡೋಣ' ಎಂಬುದು ಹೊಟ್ಟೆ ತುಂಬಿಸುವ ಮಾತಲ್ಲ. ನಾಲ್ಕನೆಯದಾಗಿ, ಗೆದ್ದ ವರ್ಷದ ಹಣದಲ್ಲಿ ಆರು ತಿಂಗಳ ಸಣ್ಣ ಸಂಬಳಗಳಿಗೆ ಸಾಕಾಗುವಷ್ಟನ್ನು ಬೇರೆಯಾಗಿ ಇಡಬೇಕು. ನಮ್ಮ ಲೆಕ್ಕದ ಕ್ಲಬ್ಬಿನಲ್ಲಿ ಅದು 48 ಲಕ್ಷ, ಆ ಕ್ಲಬ್ಬಿನ ಒಂದೇ ತಿಂಗಳ ಒಟ್ಟು ಸಂಬಳದಷ್ಟು. ಕಣಜದಲ್ಲಿ ಬೀಜದ ಕಾಳನ್ನು ಬೇರೆ ಇಡುವ ಜನರಿಗೆ ಇದು ಹೊಸ ಮಾತೇನಲ್ಲ.

ಬೆಂಗಳೂರು ಕ್ಲಬ್ಬು ಮಕ್ಕಳ ತರಬೇತಿಗೆ ತೊಂದರೆ ಮಾಡಲಿಲ್ಲವೆಂಬುದನ್ನು ಮೆಚ್ಚಿ ಹೇಳಲೇಬೇಕು. ಅದೇ ವಿವೇಕವನ್ನು ಸಣ್ಣ ಸಂಬಳದವರಿಗೂ ವಿಸ್ತರಿಸುವ ನಿಯಮ ದೇಶದ ಎಲ್ಲ ಕ್ಲಬ್ಬುಗಳಿಗೂ ಬರಬೇಕು. ಲೀಗಿನಲ್ಲಿ ಆಡಲು ಅನುಮತಿ ಕೊಡುವಾಗ ಮೈದಾನದ ದೀಪ ಎಷ್ಟು, ಆಸನ ಎಷ್ಟು ಎಂದು ಕೇಳುವ ಫೆಡರೇಷನ್ನು ಸಣ್ಣ ನೌಕರರ ಆರು ತಿಂಗಳ ಸಂಬಳ ಬ್ಯಾಂಕಿನಲ್ಲಿದೆಯೇ ಎಂದೂ ಕೇಳಬೇಕು. ತಂಡಗಳು ಬರುತ್ತವೆ, ಹೋಗುತ್ತವೆ. ತನ್ನದಲ್ಲದ ತಪ್ಪಿಗೆ ಒಬ್ಬ ನೌಕರನ ಮಗ ಶಾಲೆ ಬಿಡಬೇಕಾಗಿ ಬಂದರೆ ಆ ನಷ್ಟವನ್ನು ಮುಂದಿನ ವರ್ಷದ ಕಪ್ಪು ತುಂಬಿಕೊಡಲಾರದು.

ಪ್ರಿಯ ವಿದ್ಯಾರ್ಥಿಗಳೇ, ನಿಮ್ಮಲ್ಲಿ ಕೆಲವರಿಗೆ ಆಟಗಾರರಾಗುವ ಆಸೆಯಿದೆ. ಅದು ಒಳ್ಳೆಯ ಆಸೆ. ಆಡಿರಿ, ಜೊತೆಗೆ ಓದನ್ನೂ ಕೈಬಿಡಬೇಡಿ. ಕರಾರು ಪತ್ರವನ್ನು ಓದಿ ಅರ್ಥಮಾಡಿಕೊಳ್ಳಬಲ್ಲ ಆಟಗಾರನನ್ನು ಮೋಸಗೊಳಿಸುವುದು ಕಷ್ಟ. ನಿಮ್ಮಲ್ಲಿ ಕೆಲವರು ಮುಂದೆ ಸಂಬಳ ಪಡೆಯುವವರಾಗುತ್ತೀರಿ, ಕೆಲವರು ಸಂಬಳ ಕೊಡುವವರಾಗುತ್ತೀರಿ. ಪಡೆಯುವವರು ಲೆಕ್ಕ ಕೇಳಲು ಅಂಜಬೇಡಿ, ಕೊಡುವವರು ಲೆಕ್ಕ ತೋರಿಸಲು ಅಂಜಬೇಡಿ. ಅದರ ಅಭ್ಯಾಸ ಇಲ್ಲಿಂದಲೇ ಆಗಲಿ. ಊರಿನಲ್ಲಿ ಯುವಕ ಸಂಘದವರು ಪಂದ್ಯಾವಳಿ ನಡೆಸಿ, ಚಂದಾಹಣ ಸಾಲದೆ ಬಂದಾಗ, ಗೆದ್ದವರ ಕಪ್ಪನ್ನು ಒಂದು ಅಳತೆ ಚಿಕ್ಕದಾಗಿ ತನ್ನಿರಿ. ಮೈದಾನ ಗುಡಿಸಿದವರ, ಶಾಮಿಯಾನ ಕಟ್ಟಿದವರ, ಚಹಾ ಕಾಯಿಸಿಕೊಟ್ಟವರ ಕೂಲಿಯನ್ನು ಮಾತ್ರ ಆ ಸಂಜೆಯೇ ಎಣಿಸಿ ಅವರ ಕೈಗೆ ಕೊಡಿರಿ.